ಕೆರೆ ಸುತ್ತಿನ ನಡಿಗೆ ದಾರಿಗೆ ಖಾಸಗಿ ಜಮೀನಿನಲ್ಲಿ ಗೇಟ್ ಬಿದ್ದಿದೆ, ದಾರಿ ಉಳಿಸಿಕೊಳ್ಳುವುದು ಹೇಗೆ? (ವಿಜಯಪುರ)

ಕೆರೆದಂಡೆ_ವಿಜಯಪುರ

ನಗರದ ಅಂಚಿನ ಒಂದು ಕೆರೆಯ ವಿಷಯ. ಸುತ್ತಲಿನ ನಡಿಗೆ ದಾರಿ ಒಟ್ಟು 1.8 ಕಿ.ಮೀ. ಒಡ್ಡಿನ ಮೇಲಿನ ಭಾಗ ಸಣ್ಣ ನೀರಾವರಿ ಇಲಾಖೆಯದು, ಊರ ಕಡೆಯ ಭಾಗ ಪಾಲಿಕೆಯದು. ಅವೆರಡರಲ್ಲಿ ತಕರಾರಿಲ್ಲ. ಉತ್ತರ ದಂಡೆಯಲ್ಲಿ 140 ಮೀಟರ್ ಮಾತ್ರ ಒಬ್ಬರ ಜಮೀನಿನಲ್ಲಿ ಹಾಯುತ್ತದೆ. ಅಲ್ಲಿ ಸಾರ್ವಜನಿಕ ಹಣದಲ್ಲೇ ಪೇವರ್ ಹಾಕಿ ಆರು ವರ್ಷವಾಯಿತು. ಅದಕ್ಕೂ ಬಹಳ ಮೊದಲಿನಿಂದ ಜನ ಅಲ್ಲಿ ನಡೆಯುತ್ತಿದ್ದಾರೆ, ದನಗಳು ಅಲ್ಲಿಂದಲೇ ನೀರಿಗಿಳಿಯುತ್ತವೆ.

ಐದು ವಾರದ ಹಿಂದೆ ಎರಡೂ ತುದಿಗೆ ಕಬ್ಬಿಣದ ಗೇಟ್ ಕೂಡಿಸಿ ಕೀಲಿ ಹಾಕಿದ್ದಾರೆ. ಜಮೀನಿನವರದು ದ್ರಾಕ್ಷಿ ತೋಟ. ರಾತ್ರಿ ಬೈಕ್ ನುಗ್ಗುತ್ತವೆ, ಬಾಟಲಿ ಒಡೆಯುತ್ತಾರೆ, ಮೋಟಾರಿನ ಕೇಬಲ್ ಕಳುವಾಗಿದೆ ಎನ್ನುತ್ತಾರೆ. ಅವರ ದೂರು ಖರೆ ಇದೆ, ಹಾಗಾಗಿ ಜಗಳಕ್ಕೆ ಬೀಳದೆ ದಾರಿ ಬಿಡಿಸಿಕೊಳ್ಳಬೇಕು ಎಂಬುದು ಇಲ್ಲಿಯವರ ಆಸೆ.

ಕೇಳಬೇಕಿರುವುದು ಇಷ್ಟು. ಕೆರೆಯಿಂದ 30 ಮೀಟರ್ ಬಫರ್ ಎನ್ನುತ್ತಾರಲ್ಲ, ಅದರೊಳಗೆ ಜನರಿಗೆ ನಡೆಯುವ ಹಕ್ಕು ತಾನಾಗಿಯೇ ಬರುತ್ತದೆಯೇ? 20 ವರ್ಷ ನಡೆದರೆ ಹಕ್ಕಾಗುತ್ತದೆ ಎನ್ನುವುದು ಇಲ್ಲಿಗೆ ಹೊಂದುತ್ತದೆಯೇ? ಮೊದಲ ಅರ್ಜಿ ಯಾವ ಕಚೇರಿಗೆ? ಮಾಲೀಕರು ಒಪ್ಪಿದರೆ ಯಾವ ಕಾಗದ ಮಾಡಿಸಬೇಕು?

ಮೋಜಣಿ_ಇಂಡಿ

ನೋಡ್ರಿ, ಅದು ಖಾಸಗಿ ಜಮೀನು ಅಂತ ನೀವಽ ಒಪ್ಪಿಕೊಂಡು ಮಾತು ಶುರು ಮಾಡಬ್ಯಾಡ್ರಿ. 140 ಮೀಟರಿನಾಗ ಯಾವ ತುಂಡು ಯಾರದು ಅನ್ನೋದು ಮೊದಲು ಕಾಗದದಾಗ ಕಾಣಬೇಕು.

ಉತಾರದ, ಅಂದ್ರ ಪಹಣಿಯ, 3ನೇ ಕಾಲಂ ನೋಡ್ರಿ. ಒಟ್ಟು ವಿಸ್ತೀರ್ಣದ ಕೆಳಗ ಫೂಟ್ ಖರಾಬ್ ‘ಅ’, ಫೂಟ್ ಖರಾಬ್ ‘ಬ’ ಅಂತ ಎರಡು ಸಾಲು ಇರತಾವ. ‘ಅ’ ಅಂದ್ರ ಸಾಗುವಳಿಗೆ ಬರಲಾರದ ಜಾಗ, ಕಣ, ಮಡ್ಡಿ, ಇಂಥಾದ್ದು. ಅದು ಮಾಲೀಕರದ. ‘ಬ’ ಅಂದ್ರ ದಾರಿ, ಹಳ್ಳ, ಕೆರೆ, ಸ್ಮಶಾನಕ್ಕ ಅಂತ ಬಿಟ್ಟಿದ್ದು. ಅದು ಸರಕಾರದ್ದು, ಆಕಾರ (ಭೂಕಂದಾಯ) ಕೂಡ ಹಚ್ಚಿರೂದಿಲ್ಲ. ಸರ್ವೆ ನಂಬರು ಒಬ್ಬರ ಹೆಸರಿನಾಗ ಐತಿ ಅಂದಕೂಡಲೇ ಅದರೊಳಗಿನ ‘ಬ’ ಖರಾಬೂ ಅವರದ ಆಗೂದಿಲ್ಲ.

ಗಣಕೀಕೃತ ಉತಾರದಾಗ ‘ಬ’ ಸೊನ್ನೆ ಬಂದ್ರ ಅಲ್ಲಿಗೇ ಕೈ ಬಿಡಬ್ಯಾಡ್ರಿ. ಕೈಬರಹದ ಉತಾರ ಭೂಮಿ ತಂತ್ರಾಂಶಕ್ಕ ಏರಿಸುವಾಗ ಖರಾಬಿನ ಅಂಕಿ ಬಿಟ್ಟಹೋಗಿದ್ದು, ‘ಅ’ ಇದ್ದದ್ದು ‘ಬ’ ಆಗಿದ್ದು, ‘ಬ’ ಇದ್ದದ್ದು ‘ಅ’ ಆಗಿದ್ದು ಬಾಳ ಕಡೆ ಐತಿ. ತಹಶೀಲ್ದಾರ ಕಚೇರಿ ರೆಕಾರ್ಡ್ ರೂಮಿನಿಂದ ಕೈಬರಹದ ಉತಾರದ ದೃಢೀಕೃತ ಪ್ರತಿ ತೊಗೋರಿ. ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಿಂದ, ಅಂದ್ರ ಎಡಿಎಲ್‌ಆರ್ ಆಫೀಸಿನಿಂದ, ಆಕಾರಬಂದ್ (ನಂಬರುವಾರು ವಿಸ್ತೀರ್ಣ, ಖರಾಬ್, ಕಂದಾಯದ ಸರ್ವೆ ದಾಖಲೆ), ಮೂಲ ಟಿಪ್ಪಣಿ (ಸರ್ವೆ ಮಾಡಿದಾಗಿನ ಅಳತಿ ಬರಹ), ಹಿಸ್ಸಾ ನಕಾಶೆ (ನಂಬರಿನೊಳಗಿನ ಪಾಲಿನ ನಕಾಶೆ) ತೆಗಸ್ರಿ. ಉತಾರಕ್ಕೂ ಆಕಾರಬಂದಿಗೂ ತಾಳೆ ಬೀಳದಿದ್ರ ಆಕಾರಬಂದಿಗೇ ತೂಕ ಜಾಸ್ತಿ.

ಗ್ರಾಮ ನಕಾಶೆ ಕಂದಾಯ ಇಲಾಖೆ ಜಾಲತಾಣದಾಗ ಪುಕ್ಕಟೆ ಇಳಸ್ಕೋಬಹುದು. ಒಂಟಿ ಚುಕ್ಕೆಗೆರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಬಂಡಿದಾರಿ. ಆದ್ರ ಅದರ ಮ್ಯಾಲ ಸ್ಕೇಲ್ ಇಟ್ಟು ದಾರಿ ಅಗಲ ಅಳೀಬ್ಯಾಡ್ರಿ. ನಕಾಶೆ ಸಾಮಾನ್ಯ 1:7920 ಪ್ರಮಾಣದ್ದು, 1 ಮಿ.ಮೀ. ಗೆರೆ ಅಂದ್ರ ನೆಲದ ಮ್ಯಾಲ ಹತ್ತತ್ರ 8 ಮೀಟರ್ ಆಗತೈತಿ. ದಾರಿ ಇತ್ತು ಅನ್ನಾಕ ನಕಾಶೆ ಸಾಕ್ಷಿ, ಎಷ್ಟು ಅಗಲ ಇತ್ತು ಅನ್ನಾಕ ಟಿಪ್ಪಣಿ ಸಾಕ್ಷಿ. ನಿಂತ ಜಾಗದ ಸರ್ವೆ ನಂಬರು ತೋರಸೂ ದಿಶಾಂಕ್ ಆ್ಯಪ್ ಹಿಡಕೊಂಡು ದಂಡೆಗೆ ನಿಂತು ‘ಇದು ಕೆರೆ ನಂಬರು’ ಅಂತ ವಾದ ಮಾಡಾಕೂ ಹೋಗಬ್ಯಾಡ್ರಿ. ಮೊಬೈಲ್ ಜಿಪಿಎಸ್ 5 ಮೀಟರ್ ಆಚೀಚಿ ಆಗೂದು ದಿನಾ ಇದ್ದದ್ದ. ನಿಮ್ಮ ದಾರಿ ಅಗಲಾನೇ ಅಷ್ಟಿಲ್ಲ.

ಇನ್ನೊಂದು ಜನ ಮರೀತಾರ. ಕೆರೆ ಕಟ್ಟುವಾಗ, ಇಲ್ಲಾ ಒಡ್ಡು ಎತ್ತರ ಮಾಡುವಾಗ, ಸುತ್ತಲಿನ ಜಮೀನು ಭೂಸ್ವಾಧೀನ ಆಗಿರತೈತಿ. ಪರಿಹಾರ ಕೊಟ್ಟಿರತಾರ, ಅವಾರ್ಡ್ (ಸ್ವಾಧೀನದ ಪರಿಹಾರದ ಆದೇಶ) ಆಗಿರತೈತಿ, ಆದ್ರ ಕಮಿ-ಜಾಸ್ತಿ ಪತ್ರಿಕೆ, ಅದಽ ಕೆಜೆಪಿ (ವಿಸ್ತೀರ್ಣದ ಬದಲಾವಣಿ ದಾಖಲೆಗೆ ಏರಸೂ ಕಾಗದ), ಆಗದ ಉಳದು ಉತಾರದಾಗ ಹಳೇ ವಿಸ್ತೀರ್ಣನೇ ನಡಕೊಂಡು ಬಂದಿರತೈತಿ. ಹಿಂಗಾದ ನಂಬರು ಈ ಕಡೆ ಜಿಲ್ಲೆಗಳಾಗ ಕಡಿಮಿ ಇಲ್ಲ. ಸಣ್ಣ ನೀರಾವರಿ ವಿಭಾಗಕ್ಕ ಮಾಹಿತಿ ಹಕ್ಕಿನಾಗ ಅರ್ಜಿ ಹಾಕ್ರಿ. ‘ಈ ಕೆರೆಗೆ ಸಂಬಂಧಿಸಿದ ಭೂಸ್ವಾಧೀನ ಅವಾರ್ಡ್, ಜಂಟಿ ಮೋಜಣಿ ನಕಾಶೆ, ಪರಿಹಾರ ಪಟ್ಟಿಯ ಪ್ರತಿ’ ಅಂತ ಅಷ್ಟ ಕೇಳ್ರಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಶಬ್ದದ ಮಿತಿ. ಉದ್ದ ಬರದ್ರ ತಿರಸ್ಕಾರ ಮಾಡಾಕ ನೆವ ಸಿಗತೈತಿ.

ಹದ್ದುಬಸ್ತು, ಅಂದ್ರ ಜಮೀನಿನ ಗಡಿ ಅಳದು ಗುರುತಿಸೂ, ಅರ್ಜಿ ನೀವು ಹಾಕಾಕ ಬರೂದಿಲ್ಲ, ಜಮೀನು ನಿಮ್ಮದಲ್ಲ. ಕೆರೆ ನಂಬರಿನ ಹದ್ದು ಗುರುತಿಸಾಕ ಇಲಾಖೆ ಅಥವಾ ತಹಶೀಲ್ದಾರರು ಎಡಿಎಲ್‌ಆರ್‌ಗೆ ಪತ್ರ ಬರೀಬೇಕು. ಆ ಪತ್ರ ಬರಸೂದ ನಿಮ್ಮ ಮೊದಲನೇ ಕೆಲಸ.

ಕಾಯ್ದೆ_ಬಾಗಲಕೋಟೆ

ಮೇಲಿನವರು ದಾಖಲೆಯ ಬಗ್ಗೆ ಹೇಳಿದ್ದು ಸರಿ. ಆದರೆ ಒಂದು ಗಡುವು ಓಡುತ್ತಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ದಾರಿಯ ಬಳಕೆಯ ತಕರಾರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 166 ಇದೆ. ಹಳೆಯ ಸಿಆರ್‌ಪಿಸಿಯ 147 ಅಂದರೆ ಎಲ್ಲರಿಗೂ ಗೊತ್ತು. ತಾಲ್ಲೂಕು ದಂಡಾಧಿಕಾರಿಯಾಗಿ ತಹಶೀಲ್ದಾರರು ಇದರಡಿ ವಿಚಾರಣೆ ಮಾಡಿ, ಸಿವಿಲ್ ಕೋರ್ಟ್ ಬೇರೆ ಹೇಳುವವರೆಗೆ ಅಡ್ಡಿ ಮಾಡಬಾರದು ಎಂದು ಆದೇಶಿಸಬಹುದು. ಷರತ್ತು ಏನೆಂದರೆ, ವರ್ಷವಿಡೀ ಬಳಸುವ ದಾರಿಯಾದರೆ, ಪೊಲೀಸ್ ವರದಿ ಅಥವಾ ನಿಮ್ಮ ಮಾಹಿತಿ ದಂಡಾಧಿಕಾರಿಗೆ ತಲುಪುವ ಮುಂಚಿನ ಮೂರು ತಿಂಗಳೊಳಗೆ ಆ ದಾರಿಯನ್ನು ಬಳಸಿರಬೇಕು. ಗೇಟ್ ಬಿದ್ದು ಐದು ವಾರ ಆಗಿದೆ. ಅಂದರೆ ನಿಮ್ಮ ಕೈಯಲ್ಲಿ ಸುಮಾರು ಎಂಟು ವಾರ. ದಾಖಲೆ ಪೂರ್ತಿ ಸಿಗಲಿ ಎಂದು ಕಾಯಬೇಡಿ, ಇದ್ದಷ್ಟು ಹಚ್ಚಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಂತಿಭಂಗದ ಸಂಭವ ಇದೆ ಎಂಬ ಅಂಶ ಅರ್ಜಿಯಲ್ಲಿರಬೇಕು, ಅದಿಲ್ಲದೆ ಈ ಕಲಂ ಹೊಂದುವುದಿಲ್ಲ. ದಾರಿ ನಕಾಶೆಯಲ್ಲೇ ಇದೆ ಎಂದು ಸಾಬೀತಾದರೆ ಕಲಂ 152 ಕೂಡ ಇದೆ, ಸಾರ್ವಜನಿಕ ದಾರಿಯ ಅಡಚಣೆ ತೆರವಿಗೆ. ಹಳೆಯ 133 ಅದೇ.

ಇನ್ನು ಬಫರ್. 2014ರ ಕೆರೆ ಸಂರಕ್ಷಣಾ ಕಾಯ್ದೆ ಬಂದಾಗ ಕೆರೆಯ ಅಂಚಿನಿಂದ 30 ಮೀಟರೊಳಗೆ ಮನೆ, ವಾಣಿಜ್ಯ ಕಟ್ಟಡ, ಕಾರ್ಖಾನೆ ಕಟ್ಟಬಾರದು ಎಂದು ಹೇಳಿತು. ಕಟ್ಟಬಾರದು ಎನ್ನುವುದಕ್ಕೂ ನೀವು ಒಳಗೆ ಬರಬಹುದು ಎನ್ನುವುದಕ್ಕೂ ಸಂಬಂಧವಿಲ್ಲ. ಬಫರಿನೊಳಗಿನ ಪಟ್ಟಾ ಜಮೀನು ಮಾಲೀಕರದಾಗಿಯೇ ಉಳಿಯುತ್ತದೆ, ಅವರು ದ್ರಾಕ್ಷಿ ಬೆಳೆಯಬಹುದು, ಬೇಲಿ ಹಾಕಬಹುದು. ‘ಬಫರ್ ಇದೆ, ಗೇಟ್ ತೆಗೆಸಿ’ ಎಂದು ಬರೆದ ಅರ್ಜಿ ಮೊದಲ ವಿಚಾರಣೆಯಲ್ಲೇ ಬೀಳುತ್ತದೆ. ಇನ್ನು ಕೆಲವರು 75 ಮೀಟರ್ ಎಂದು ಬರೆಯುತ್ತಾರೆ. ಅದು ಬೆಂಗಳೂರಿನ ಕೆರೆಗಳ ಬಗ್ಗೆ ಹಸಿರು ನ್ಯಾಯಮಂಡಳಿ ಹೇಳಿದ್ದು, ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿದೆ. ಬಫರ್ ಉಪಯೋಗಕ್ಕೆ ಬರುವುದು ಆ ಜಮೀನು ಮುಂದೆ ಎನ್‌ಎ (ಕೃಷಿಯೇತರ) ಆಗಿ ಲೇಔಟ್ ಆಗುವಾಗ. ಆಗ ಉದ್ಯಾನ, ರಸ್ತೆ ಜಾಗವನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಡಲೇಬೇಕು. ಉದ್ಯಾನದ ಜಾಗವನ್ನು ಮೂಲೆಗೆ ತಳ್ಳದೆ ಕೆರೆ ಅಂಚಿಗೇ ತೋರಿಸಿ ಎಂದು ಆಕ್ಷೇಪಣೆ ಕೊಡಬೇಕಾದ ಹೊತ್ತು ಅದು. ಮಂಜೂರಾದ ಮೇಲೆ ಕೊಟ್ಟರೆ ಏನೂ ಆಗದು.

20 ವರ್ಷದ ವಿಷಯ ಸೂಕ್ಷ್ಮ. 1882ರ ಈಸ್‌ಮೆಂಟ್ ಕಾಯ್ದೆಯ ಕಲಂ 15ರ ಹಕ್ಕು ಒಂದು ಆಸ್ತಿಗೆ ಇನ್ನೊಂದು ಆಸ್ತಿಯ ಮೇಲೆ ಬರುವ ಹಕ್ಕು. ಪಕ್ಕದ ಹೊಲದವರು ತಮ್ಮ ಹೊಲಕ್ಕೆ ಹೋಗಲು 20 ವರ್ಷ ಬಹಿರಂಗವಾಗಿ, ಯಾರ ಅಪ್ಪಣೆಯೂ ಇಲ್ಲದೆ, ತಮ್ಮ ಹಕ್ಕೆಂದೇ ಬಳಸಿದ್ದರೆ ಅವರು ಕೇಳಬಹುದು. ಬೆಳಗಿನ ನಡಿಗೆಗೆ ಬರುವವರ ಬೆನ್ನಿಗೆ ಅಂಥ ಆಸ್ತಿ ಇಲ್ಲ, ಹಾಗಾಗಿ ಅವರಿಗೆ ಕಲಂ 15 ಸಿಗದು. ಊರವರ ರೂಢಿಯ ಹಕ್ಕಿಗೆ ಕಲಂ 18 ಇದೆ. ದನ ನೀರಿಗಿಳಿಸುವ ದಾರಿ ಅದರಲ್ಲಿ ಬಲವಾಗಿ ನಿಲ್ಲುತ್ತದೆ, ನಡಿಗೆಗಿಂತ ಬಲವಾಗಿ. ಹಾಗಾಗಿ ದನ ಇರುವ ಮನೆಯವರನ್ನು ಅರ್ಜಿಯಲ್ಲಿ ಮುಂದೆ ಮಾಡಿ. ಇನ್ನುಳಿದದ್ದು ಸಾರ್ವಜನಿಕ ದಾರಿ ಎಂಬ ವಾದ. ಮಾಲೀಕರೇ ಹಿಂದೆ ಜನರಿಗೆ ಬಿಟ್ಟುಕೊಟ್ಟಿದ್ದಾರೆ ಎಂದು ದೀರ್ಘ ಬಳಕೆಯಿಂದ ತೋರಿಸಬೇಕು. ದಾವೆ ಹೂಡುವುದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 91ರಡಿ ಇಬ್ಬರು ಸೇರಿ ಕೋರ್ಟಿನ ಅನುಮತಿ ಪಡೆದು, ಅಥವಾ ಆದೇಶ 1 ನಿಯಮ 8ರಡಿ ಎಲ್ಲರ ಪರವಾಗಿ.

ಎಲ್ಲಕ್ಕಿಂತ ದೊಡ್ಡ ತೊಡಕು ಅಪ್ಪಣೆ. ‘ಹೋಗ್ರಿ, ಯಾರು ಬ್ಯಾಡಂತಾರ’ ಎಂದು ಮಾಲೀಕರು ಬಿಟ್ಟದ್ದು ಲೈಸೆನ್ಸ್. ಅದು ನೂರು ವರ್ಷ ನಡೆದರೂ ಹಕ್ಕಾಗದು, ಬೇಡ ಎಂದ ದಿನ ಮುಗಿಯಿತು. ಆದರೆ ಅದೇ ಕಾಯ್ದೆಯ ಕಲಂ 60(ಬಿ) ನಿಮಗೆ ಒಂದು ಬಾಗಿಲು ತೆರೆಯುತ್ತದೆ. ಅಪ್ಪಣೆ ಪಡೆದವರು ಅದನ್ನು ನಂಬಿ, ಖರ್ಚು ಮಾಡಿ, ಶಾಶ್ವತ ಸ್ವರೂಪದ ಕಾಮಗಾರಿ ಮಾಡಿದ್ದರೆ ಅಪ್ಪಣೆಯನ್ನು ಹಿಂದೆಗೆದುಕೊಳ್ಳಲು ಬರುವುದಿಲ್ಲ. ಪೇವರ್ ಹಾಕಿದ ಕಾಮಗಾರಿಯ ಕಡತ ತೆಗೆಸಿ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟ, ಮುಖ್ಯವಾಗಿ ಜಾಗ ಲಭ್ಯವಿದೆ ಎಂಬ ಪ್ರಮಾಣಪತ್ರ ಅಥವಾ ಮಾಲೀಕರ ಒಪ್ಪಿಗೆ ಪತ್ರ. ಒಂದು ಸಾಲಿನ ಒಪ್ಪಿಗೆ ಪತ್ರ ಸಿಕ್ಕರೂ ಸಾಕು. ಒಪ್ಪಿಗೆಯಿಲ್ಲದೆ ಖಾಸಗಿ ಜಾಗದಲ್ಲಿ ಸರ್ಕಾರಿ ಹಣ ಹಾಕಿದ್ದರೆ ಲೆಕ್ಕಪರಿಶೋಧನೆಯ ಭಯದಿಂದ ಕಡತ ಬೇಗ ಹೊರಬರುವುದಿಲ್ಲ. ಈ ಅರ್ಜಿಯನ್ನೂ ಮಾಹಿತಿ ಹಕ್ಕಿನಲ್ಲೇ ಹಾಕಿ.

ನಗರ ಯೋಜನೆಯ ನಕಾಶೆಯಲ್ಲಿ ಆ ಪಟ್ಟಿ ಹಸಿರು ಬಣ್ಣದಲ್ಲಿದೆ ಎಂಬುದನ್ನು ಬಹಳ ನಂಬಬೇಡಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 69ರ ಪ್ರಕಾರ ಐದು ವರ್ಷದೊಳಗೆ ಸ್ವಾಧೀನಕ್ಕೆ ಕ್ರಮ ಆಗದಿದ್ದರೆ ಆ ಮೀಸಲು ಬಿದ್ದುಹೋಗುತ್ತದೆ.

ಸಿವಿಲ್_ಬೆಳಗಾವಿ

ಕಾನೂನಿನ ಮಾತು ಮೇಲಿನವರದು. ನೆಲದ ಮೇಲಿನ ಎರಡು ವಿಷಯ ನನ್ನ ಕಡೆಯಿಂದ.

ಹಳೆಯ ದಾರಿ ಈಗಿನ ಪೇವರ್ ಇದ್ದಲ್ಲಿಯೇ ಇತ್ತೇ ಎಂದು ನೋಡಿ. ವಿಜಯಪುರ ಜಿಲ್ಲೆಯಲ್ಲಿ ಕೆರೆ ತುಂಬುವ ಯೋಜನೆಯಿಂದ ಕೃಷ್ಣೆಯ ನೀರು ಬರುವ ಮೊದಲು ಇಂಥ ಕೆರೆಗಳು ವರ್ಷದಲ್ಲಿ ಬಹುಪಾಲು ಅರ್ಧ ಖಾಲಿ. ಜನ ಕೆರೆಯ ಒಳ ಅಂಚಿನಲ್ಲಿ, ಒಣಗಿದ ಅಂಗಳದ ಮೇಲೆ ನಡೆಯುತ್ತಿದ್ದರು, ಅದು ಸರ್ಕಾರಿ ಜಾಗ. ನೀರು ನಿಂತ ಮೇಲೆ ದಾರಿ ತಾನಾಗಿಯೇ ಮೇಲಕ್ಕೆ, ಹೊಲದೊಳಕ್ಕೆ ಸರಿಯಿತು. ಹೀಗಾಗಿದ್ದರೆ ‘ಹಳೆಯ ಕಾಲದಿಂದ ಇದೇ ದಾರಿ’ ಎಂಬ ಹೇಳಿಕೆಯನ್ನು ಮಾಲೀಕರ ವಕೀಲರು ಹಳೆಯ ಉಪಗ್ರಹ ಚಿತ್ರ ತೋರಿಸಿಯೇ ಒಡೆಯುತ್ತಾರೆ. ಗೂಗಲ್ ಅರ್ತ್‌ನಲ್ಲಿ ಬೇರೆ ಬೇರೆ ವರ್ಷದ ಬೇಸಿಗೆ ಚಿತ್ರ ತೆಗೆದು ನೀವೇ ಮೊದಲು ನೋಡಿಕೊಳ್ಳಿ.

ಎರಡನೆಯದು ಪೂರ್ಣ ಜಲಮಟ್ಟದ ಗೆರೆ. ಅದು ಕೋಡಿಯ ನೆತ್ತಿಯ ಮಟ್ಟ. ಕೋಡಿಯ ಮೇಲೆ ಅಳತೆಗೋಲು (ಸ್ಟಾಫ್) ನಿಲ್ಲಿಸಿ, ಮಟ್ಟ ನೋಡುವ ಉಪಕರಣವಾದ ಆಟೋ ಲೆವೆಲ್‌ನಿಂದ ಆ ಮಟ್ಟವನ್ನು ದಂಡೆಯುದ್ದಕ್ಕೂ ಒಯ್ದು 10 ಮೀಟರಿಗೊಂದು ಗೂಟ ಹೊಡೆಯಬೇಕು. ಉಪಕರಣದಿಂದ ಹಿಂದಿನ ಓದು, ಮುಂದಿನ ಓದು ಎರಡರ ದೂರ ಸಮ ಇಟ್ಟುಕೊಳ್ಳಿ, 40–50 ಮೀಟರ್ ಮೀರಬೇಡಿ, ಸುತ್ತು ಹಾಕಿ ಮತ್ತೆ ಕೋಡಿಗೇ ಬಂದು ಮುಚ್ಚಿ. 1.8 ಕಿ.ಮೀ. ಸುತ್ತಿಗೆ ವ್ಯತ್ಯಾಸ 32 ಮಿ.ಮೀ. ಒಳಗೆ ಬರಬೇಕು. ಹೆಚ್ಚು ಬಂದರೆ ಮತ್ತೆ ಮಾಡಿ, ಯಾಕೆಂದರೆ ನಿಮ್ಮ ಕಡೆಯ ದಂಡೆಗಳು ಚಪ್ಪಟೆ. 30 ಅಡಿಗೆ 1 ಅಡಿ ಇಳಿಜಾರು ಇದ್ದಲ್ಲಿ ಮಟ್ಟದಲ್ಲಿ 10 ಸೆಂ.ಮೀ. ತಪ್ಪಿದರೆ ನೆಲದ ಮೇಲೆ ಗೆರೆ 3 ಮೀಟರ್ ಸರಿಯುತ್ತದೆ. ಇಡೀ ತಕರಾರು ಇರುವುದೇ ಆ 3 ಮೀಟರಿನಲ್ಲಿ. ಉಪಕರಣವಿಲ್ಲದೆಯೂ ಒಂದು ದಾರಿ ಇದೆ: ಕೆರೆ ತುಂಬಿ ಕೋಡಿಯ ಮೇಲೆ ನೀರು ಬರೀ ಜಿನುಗುವ ಹೊತ್ತಿಗೆ, ಗಾಳಿಯಿಲ್ಲದ ಬೆಳಗಿನಲ್ಲಿ, ನೀರಿನ ಅಂಚೇ ಆ ಗೆರೆ. ಅಂದು ಇಲಾಖೆಯ ಎಂಜಿನಿಯರ್ ಮುಂದೆಯೇ ಗೂಟ ಹೊಡೆದು ಪಂಚನಾಮೆ ಮಾಡಿಸಿ.

ದಾರಿಯನ್ನು ಈ ಗೆರೆಯ ಕೆಳಗೆ ಮಣ್ಣು ತುಂಬಿ ಮಾಡೋಣ ಎಂದು ಯಾರಾದರೂ ಸಲಹೆ ಕೊಟ್ಟಾರು. ಬೇಡವೇ ಬೇಡ. ಕೆರೆಯ ಜಾಗ ಮುಚ್ಚುವುದು ಕಾಯ್ದೆಯಲ್ಲೂ ತಪ್ಪು, ಎರೆ ಮಣ್ಣಿನ ಮೇಲೆ ನೆನೆದ ಭರ್ತಿ ಎರಡು ಮಳೆಗಾಲಕ್ಕೆ ಕುಸಿಯುತ್ತದೆ ಕೂಡ. ಕೆರೆಗೆ ನೀರು ತರುವ ಹಳ್ಳ ಅಡ್ಡ ಬಂದರೆ ಪೈಪ್ ಹಾಕಿ ಮೇಲೆ ಮಣ್ಣು ಹಾಕಬೇಡಿ, ಕಸ ಕಟ್ಟಿ ನೀರು ಹಿಂದಿನ ಹೊಲಕ್ಕೆ ನುಗ್ಗುತ್ತದೆ. ಕಾಲುಸೇತುವೆಯೇ ಬೇಕು.

ದ್ರಾಕ್ಷಿ_ತಿಕೋಟಾ

ತೋಟದವರ ಕಡೆಯದೂ ಕೇಳಿ. ಅಕ್ಟೋಬರ್ ಚಾಟಣಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಎರಡು ತಿಂಗಳು ದಾವಣಿ, ಬೂದಿ ರೋಗಕ್ಕೆ ಸಿಂಪರಣೆ ಮೇಲಿಂದ ಮೇಲೆ ನಡೆಯುತ್ತದೆ. ಟ್ರ್ಯಾಕ್ಟರ್ ಬ್ಲೋವರ್‌ನಿಂದ ಔಷಧ ಹೊಡೆಯುವಾಗ ಗಾಳಿಗೆ ಅದು ಪಕ್ಕದ ದಾರಿಗೆ ಬಂದೇ ಬರುತ್ತದೆ. ಮಕ್ಕಳು ನಡೆಯುವ ಹೊತ್ತೂ ಬೆಳಗು, ಹೊಡೆಯುವ ಹೊತ್ತೂ ಬೆಳಗು. ನಾಳೆ ಯಾರಿಗಾದರೂ ಏನಾದರೂ ಆದರೆ ಕೇಸ್ ತೋಟದವರ ಮೇಲೆ ಎಂಬ ಭಯ ಸುಳ್ಳಲ್ಲ. ಹೀಗಾಗಿ ಸಿಂಪರಣೆ ದಿನ ಇಂತಿಷ್ಟು ಗಂಟೆ ದಾರಿ ಮುಚ್ಚುವ ಹಕ್ಕು ಒಪ್ಪಂದದಲ್ಲೇ ಇರಲಿ. ಹಿಂದಿನ ಸಂಜೆ ಗೇಟಿಗೆ ಕೆಂಪು ಫಲಕ ಹಾಕಿದರೆ ಸಾಕು.

ಇನ್ನೊಂದು, ಮೋಟಾರಿನ ಕೇಬಲ್. ದಂಡೆಯಲ್ಲಿ ನೆಲದ ಮೇಲೆಯೇ ಬಿಟ್ಟಿರುತ್ತಾರೆ, ಪೇವರ್ ಮೇಲೆ ಹಾಯ್ದಿರುವುದೂ ಉಂಟು. ದಾರಿ ಅಡ್ಡ ಹಾಯುವಲ್ಲಿ ಎಚ್‌ಡಿಪಿಇ ಪೈಪಿನೊಳಗೆ ಹಾಕಿ ಎರಡು ಅಡಿಗಿಂತ ಆಳಕ್ಕೆ ಹುಗಿದರೆ ಕಳವೂ ನಿಲ್ಲುತ್ತದೆ, ಶಾಕ್ ಭಯವೂ ಹೋಗುತ್ತದೆ. ಆ ಖರ್ಚು ದಾರಿ ಬೇಕೆನ್ನುವವರು ಹಾಕಲಿ. ಕೇಬಲ್ ಕಳೆದುಕೊಂಡವರಿಗೆ ಅದಕ್ಕಿಂತ ಒಳ್ಳೆಯ ಮಾತಿನ ಆರಂಭ ಇಲ್ಲ.

ಕೆರೆದಂಡೆ_ವಿಜಯಪುರ

ಎಲ್ಲರಿಗೂ ಧನ್ಯವಾದ. ತಹಶೀಲ್ದಾರರಿಗೆ ಅರ್ಜಿ ಹೋಗಿದೆ, ಸ್ವೀಕೃತಿ ಇದೆ. ಕೈಬರಹದ ಉತಾರ ಸಿಕ್ಕಿತು: ಒಟ್ಟು 4 ಎಕರೆ 12 ಗುಂಟೆ, ‘ಬ’ ಖರಾಬ್ 0-07, ಅಂದರೆ 7 ಗುಂಟೆ. ಗಣಕೀಕೃತ ಉತಾರದಲ್ಲಿ ‘ಬ’ ಖರಾಬ್ ಸೊನ್ನೆ. ಗ್ರಾಮ ನಕಾಶೆಯಲ್ಲಿ ದಕ್ಷಿಣ ಹದ್ದಿಗೆ, ಕೆರೆ ಕಡೆಗೆ, ಜೋಡಿ ಚುಕ್ಕೆಗೆರೆ ಇದೆ. ಕಾಮಗಾರಿ ಕಡತ ಇನ್ನೂ ಬಂದಿಲ್ಲ. ಕೆಲ ಹುಡುಗರು ಇಷ್ಟು ಸಿಕ್ಕಿತಲ್ಲ, ಕೀಲಿ ಒಡೆದೇಬಿಡೋಣ ಎನ್ನುತ್ತಿದ್ದಾರೆ.

ಮೋಜಣಿ_ಇಂಡಿ

ಲೆಕ್ಕ ನೋಡ್ರಿ. 1 ಗುಂಟೆ ಅಂದ್ರ 33 ಅಡಿ × 33 ಅಡಿ, 1,089 ಚದರ ಅಡಿ. 7 ಗುಂಟೆಗೆ 7,623. ನಿಮ್ಮ 140 ಮೀಟರ್ ಅಂದ್ರ 459 ಅಡಿ. ಭಾಗಿಸಿದ್ರ 16.6 ಅಡಿ ಬರತೈತಿ. ಅರ್ಧ ಸರಪಳಿ 16.5 ಅಡಿ. ಅಂದ್ರ ಆ ಹದ್ದಿನುದ್ದಕ್ಕೂ ಅರ್ಧ ಸರಪಳಿ ಅಗಲದ ಬಂಡಿದಾರಿಗೆ ಬಿಟ್ಟ ಜಾಗ ಅನ್ನೋದಕ್ಕ ಇದು ಚೊಕ್ಕ ಹೊಂದತೈತಿ. ಮೀಟರಿನಾಗ ಹೇಳೂದಾದ್ರ 5 ಮೀಟರ್.

ಆದ್ರ ಇದು ಹೊಂದಾಣಿಕಿ, ಸಾಬೀತಲ್ಲ. ಆ 7 ಗುಂಟೆ ಹಳ್ಳಕ್ಕ ಬಿಟ್ಟಿದ್ದೂ ಇರಬಹುದು. ಟಿಪ್ಪಣಿಯೊಳಗ ಖರಾಬ್ ಯಾವ ಬದಿಗೆ, ಯಾತಕ್ಕ ಅಂತ ಬರದಿರತೈತಿ, ಅದು ಕೈಗೆ ಬರೂತನಕ ಬಾಯಿ ಬಿಡಬ್ಯಾಡ್ರಿ. ಸರ್ವೇಯರ್ ಬಂದಾಗ ಮೂಲ ಕಲ್ಲು ಎರಡು ಸಿಕ್ಕ ಮ್ಯಾಲ ಅಳತಿ ಹಿಡಿಯಾಕ ಹೇಳ್ರಿ, ಈಗಿನ ಬೇಲಿಯಿಂದ ಹಿಡದ್ರ ಎಲ್ಲಾ ತಪ್ಪತೈತಿ. ಆ 5 ಮೀಟರ್ ಇವತ್ತಿನ ಪೇವರ್ ಮ್ಯಾಲ ಕೂಡಬಹುದು, ನೀರಿನಾಗ ಹೋಗಿರಬಹುದು, ಇಲ್ಲಾ ತೋಟದ ಕೊನೇ ಸಾಲಿನ ಕಂಬದ ಮ್ಯಾಲೂ ಬರಬಹುದು. ಉತಾರದ ತಿದ್ದುಪಡಿಗೆ ತಹಶೀಲ್ದಾರರಿಗೆ ಬ್ಯಾರೆ ಅರ್ಜಿ ಕೊಡ್ರಿ, ಗೇಟಿನ ಅರ್ಜಿಯೊಳಗ ಕೂಡಸಬ್ಯಾಡ್ರಿ. ಎರಡೂ ಕೂಡಿದ್ರ ಎರಡೂ ನಿಲ್ಲತಾವ.

ಕಾಯ್ದೆ_ಬಾಗಲಕೋಟೆ

ಕೀಲಿ ಮುಟ್ಟಲೇಬಾರದು. ಅತಿಕ್ರಮ ಪ್ರವೇಶ, ಆಸ್ತಿ ಹಾನಿ ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 329, 324ರಡಿ ದೂರು ದಾಖಲಾದರೆ ಹುಡುಗರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾರೆ, ಶಾಂತಿಯುತ ಬಳಕೆ ಎಂಬ ನಿಮ್ಮ ವಾದವೂ ಅಲ್ಲಿಗೇ ಹೋಗುತ್ತದೆ. ಅದರ ಬದಲು ಗೇಟ್ ಹಾಕಿದ್ದಕ್ಕೆ ಒಪ್ಪಿಗೆಯಿಲ್ಲ ಎಂದು ಲಿಖಿತ ಆಕ್ಷೇಪಣೆಯನ್ನು ಮಾಲೀಕರಿಗೆ ನೋಂದಣಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಇಂದೇ ಕಳಿಸಿ. ಅಡ್ಡಿಯನ್ನು ತಿಳಿದೂ ಒಂದು ವರ್ಷ ಸುಮ್ಮನಿದ್ದರೆ ಈಸ್‌ಮೆಂಟ್ ಕಾಯ್ದೆಯಲ್ಲಿ ಬಳಕೆ ಕಡಿದುಹೋಯಿತು ಎಂದೇ ಲೆಕ್ಕ. ಈ ಪತ್ರ ದನದವರ ಹೆಸರಿನಲ್ಲಿ ಹೋಗಲಿ.

ಖರಾಬ್ ನಿಮ್ಮ ಪರ ಸಾಬೀತಾದರೂ ಮಾಲೀಕರೊಡನೆ ಕೂತು ಒಪ್ಪಂದ ಮಾಡಿಕೊಳ್ಳುವುದೇ ಲೇಸು, ಯಾಕೆಂದರೆ 5 ಮೀಟರ್ ನೀರಿನೊಳಗೆ ಬಿದ್ದಿದ್ದರೆ ಗೆದ್ದೂ ನಡೆಯಲು ಜಾಗವಿರುವುದಿಲ್ಲ. ಆಗ ಅದಕ್ಕೆ ಬದಲಾಗಿ ಮೇಲ್ಭಾಗದಲ್ಲಿ 3 ಮೀಟರ್ ಕೇಳಬಹುದು. ದಾರಿ ಪಡೆಯುವ ಪಕ್ಷ ಪಾಲಿಕೆಯಾಗಿರಬೇಕು, ನಿಮ್ಮ ನಡಿಗೆ ಬಳಗ ಅಲ್ಲ. ಬಳಗ ಇಂದು ಇರುತ್ತದೆ, ನಾಳೆ ಇರದು. ಜಾಗವನ್ನೇ ದಾನಪತ್ರ ಮಾಡಿ ಕೊಡುವುದಾದರೆ ಸರ್ವೆ ನಂಬರಿನ ಭಾಗ ಎಂಬ ಕಾರಣಕ್ಕೆ 11ಇ ನಕಾಶೆ (ಭಾಗ ಮಾಡುವ ತುಂಡನ್ನು ಅಳೆದು ತೋರಿಸುವ ಸರ್ವೆ ನಕಾಶೆ) ಬೇಕು. ಜಾಗ ಅವರದಾಗಿಯೇ ಉಳಿದು ನಡೆಯುವ ಹಕ್ಕು ಮಾತ್ರ ಕೊಡುವುದಾದರೆ ಹಕ್ಕಿನ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಉತಾರದ 11ನೇ ಕಾಲಂನಲ್ಲಿ ನಮೂದು ಮಾಡಿಸಿ. 100 ರೂಪಾಯಿ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ್ದು ನಾಳೆ ಜಮೀನು ಕೊಂಡವರ ಮುಂದೆ ನಿಲ್ಲುವುದಿಲ್ಲ. ಸಹಿಗೆ ಮೊದಲು ಋಣಭಾರ ಪತ್ರ ತೆಗೆದು ನೋಡಿ. ದ್ರಾಕ್ಷಿಗೆ ಬ್ಯಾಂಕ್ ಸಾಲ ಇಲ್ಲದ ತೋಟ ಕಡಿಮೆ, ಅಡಮಾನ ಇದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಸೇರಿಸಲೇಬೇಕು. ಕುಟುಂಬದಲ್ಲಿ ವಾಟ್ನಿ (ಆಸ್ತಿ ಪಾಲು) ಆಗಿರದಿದ್ದರೆ ಎಲ್ಲ ಪಾಲುದಾರರ ಸಹಿ.

ಪತ್ರದಲ್ಲಿ ಅಗಲ ಮೀಟರಿನಲ್ಲಿರಲಿ, ನಕಾಶೆ ಹಚ್ಚಿರಲಿ, ತೆರೆಯುವ ಮುಚ್ಚುವ ಗಂಟೆ ಇರಲಿ, ನಡೆಯುವವರಿಗೆ ಮತ್ತು ದನಕ್ಕೆ ಮಾತ್ರ ಎಂದಿರಲಿ. ಅಪಘಾತದ ಹೊಣೆ, ದೀಪ, ಕಸ, ಬೇಲಿ ದುರಸ್ತಿ ಪಾಲಿಕೆಯ ಮೇಲೆ ಎಂದು ಬರೆಸಿ. ಮಾಲೀಕರು ಒಪ್ಪುವುದು ಬಹುತೇಕ ಈ ಒಂದು ಸಾಲಿಗೇ. ಬದಲಿಗೆ ಅಭಿವೃದ್ಧಿ ಹಕ್ಕು ಪತ್ರ, ಅಂದರೆ ಟಿಡಿಆರ್, ಕೊಡಿಸುತ್ತೇವೆ ಎಂದು ಹೇಳಿ ಮನವೊಲಿಸಬೇಡಿ. ಕಾಯ್ದೆಯಲ್ಲಿ ಇದೆ ನಿಜ, ಆದರೆ ಇಂಥ ನಗರದಲ್ಲಿ ತೋಟದವರಿಗೆ ಅದರಿಂದ ಕೈಗೆ ದುಡ್ಡು ಬರುವುದು ಕಷ್ಟ. ಬೇಲಿ, ಕೇಬಲ್ ಕೆಲಸವೇ ಅವರಿಗೆ ನಿಜವಾದ ಲಾಭ.

ಸಿವಿಲ್_ಬೆಳಗಾವಿ

3 ಮೀಟರ್ ಸಿಕ್ಕರೆ ಹೀಗೆ ಹಂಚಿ: 2 ಮೀಟರ್ ದಾರಿ, ಎರಡೂ ಬದಿ ಅರ್ಧರ್ಧ ಮೀಟರ್ ಮಣ್ಣಿನ ಅಂಚು. ಈಗಿನ ಪೇವರ್ ಎರೆ ಮಣ್ಣಿನ ಮೇಲೆ ನೇರ ಕೂತಿದ್ದರೆ ಅಂಚಿನಲ್ಲಿ ಬಿರುಕು, ನಡುವೆ ಉಬ್ಬು ಆಗಲೇ ಕಾಣುತ್ತಿರಬೇಕು. ಎರೆ ಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ. 45 ಸೆಂ.ಮೀ. ತೆಗೆದು ಗರಸು ತುಂಬಿ, 15 ಸೆಂ.ಮೀ. ಪದರಕ್ಕೊಮ್ಮೆ ನೀರು ಹಾಕಿ ರೋಲರ್ ಹೊಡೆಸಿ, ಮೇಲೆ 3 ಸೆಂ.ಮೀ. ಮರಳು, 60 ಮಿ.ಮೀ. ಪೇವರ್. ಗರಸನ್ನು ಅಂಚಿನ ಕಲ್ಲಿನಾಚೆಗೂ ಅರ್ಧ ಮೀಟರ್ ಹಾಸಿ, ಇಲ್ಲವಾದರೆ ಪಕ್ಕದಿಂದ ನೀರು ಇಳಿದು ಅಂಚು ಮೊದಲು ಕೂರುತ್ತದೆ. ಇಳಿಜಾರು ಕೆರೆ ಕಡೆಗೆ, 2 ಮೀಟರಿಗೆ 4 ಸೆಂ.ಮೀ. ದುಡ್ಡು ಸಾಲದಿದ್ದರೆ ಪೇವರ್ ಬಿಟ್ಟು ಗರಸನ್ನೇ ಗಟ್ಟಿ ಮಾಡಿ, ನಡೆಯಲು ಅದೇ ಹಿತ. ಅಗೆಯುವಾಗ ಜೆಸಿಬಿ ಬೇಡ ಎಂಬುದು ನನ್ನ ವಿನಂತಿ: ಬೇಗಂ ತಲಾಬಿನಂಥ ಕೆರೆಗಳಿಂದ ಊರಿಗೆ ನೀರು ಒಯ್ದ ಆದಿಲ್‌ಶಾಹಿ ಕಾಲದ ಮಣ್ಣಿನ ಕೊಳವೆಗಳು ನಿಮ್ಮ ನಗರದ ನೆಲದಡಿ ಇವೆ. ಹತ್ತಿರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಇದ್ದರೆ 100 ಮೀಟರಿನೊಳಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು.

ಬೈಕ್ ತಡೆಗೆ ಬರೀ ಕಂಬ ನೆಟ್ಟರೆ ಆಗದು. ಗಾಲಿ ಕುರ್ಚಿಗೆ 90 ಸೆಂ.ಮೀ. ಬಿಡಲೇಬೇಕು, ಬೈಕಿನ ಹ್ಯಾಂಡಲ್ ಅದಕ್ಕಿಂತ ಕಿರಿದು, ಆರಾಮಾಗಿ ನುಗ್ಗುತ್ತದೆ. ಎರಡು ಅಡ್ಡ ಕಂಬಿಗಳನ್ನು ಒಂದು ಎಡದಿಂದ, ಒಂದು ಬಲದಿಂದ, ನಡುವೆ ಸುಮಾರು 1.2 ಮೀಟರ್ ಬಿಟ್ಟು ಹಾಕಿ. ಗಾಲಿ ಕುರ್ಚಿ ಹೊರಳುತ್ತದೆ, ಬೈಕ್ ಹೊರಳಲು ಒದ್ದಾಡುತ್ತದೆ. ಎಮ್ಮೆಗೆ ಈ ತಿರುವು ಆಗದು, ಆದ್ದರಿಂದ ದನದ ಇಳಿಜಾರು ಗೇಟಿನ ಹೊರಗೆ, ಪಾಲಿಕೆಯ ಜಾಗದ ತುದಿಯಲ್ಲಿ, ಬೇರೆಯೇ ಬರಲಿ. ಒರಟು ಕಲ್ಲು ಹಾಸಿ, 8 ಅಡಿಗೆ 1 ಅಡಿಗಿಂತ ಕಡಿದಾಗದಂತೆ. ಆದರೆ ಅದನ್ನು ಕಟ್ಟುವ ಮೊದಲು ಮೇಲಿನ ವಕೀಲರನ್ನು ಕೇಳಿ. ದನಗಳು ಹಳೆಯ ದಾರಿ ಬಿಟ್ಟವು ಎಂದರೆ ಕಲಂ 18ರ ನಿಮ್ಮ ವಾದಕ್ಕೆ ಪೆಟ್ಟು ಬೀಳಬಹುದು.

ಕಾಯ್ದೆ_ಬಾಗಲಕೋಟೆ

ಬೀಳುತ್ತದೆ. ಹಕ್ಕಿನ ಪತ್ರ ನೋಂದಣಿ ಆಗುವವರೆಗೆ ದನದ ಇಳಿಜಾರು ಕಟ್ಟಬೇಡಿ. ಪತ್ರದಲ್ಲಿ ಹೊಸ ಇಳಿಜಾರನ್ನೂ ನಕಾಶೆಯಲ್ಲಿ ಗುರುತಿಸಿ, ಹಳೆಯದಕ್ಕೆ ಬದಲಾಗಿ ಇದು ಎಂದು ಬರೆಸಿ, ಆಮೇಲೆ ಕಲ್ಲು ಹಾಕಿಸಿ.